ಮುತ್ತುವಿನ ಬಯಕೆ

ಅಕ್ಕಿಆಲೂರಿನ ಸುಶೀಲವ್ವ ಅರವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ಕೋಳಿಮೊಟ್ಟೆಯನ್ನೂ ಮನೆಯ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಅಂಥವಳು ಏಪ್ರಿಲ್ ತಿಂಗಳ ಒಂದು ಬುಧವಾರ, ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಜೀವಂತ ಮೀನು ತರಲು ಹಾನಗಲ್ಲಿನ ಬಸ್ಸು ಹತ್ತಿದಳು. ನೀವು ನಂಬುವುದಿಲ್ಲ, ಗೊತ್ತು. ಹೆತ್ತ ಮಗನೇ ನಂಬಲಿಲ್ಲ, ಇನ್ನು ನಿಮ್ಮದೇನು ಮಾತು!

ಮೀನು ಬೇಕಾಗಿದ್ದು ಅವಳಿಗಲ್ಲ, ಮುತ್ತುವಿಗೆ. ಈ ಮುತ್ತು ಯಾರೆಂದು ಮೊದಲು ಹೇಳಿಬಿಡಬೇಕು.

ಮೂರು ವರ್ಷದ ಹಿಂದೆ ಮಗ ಚನ್ನೇಶನ ಮದುವೆಯಾಯಿತು. ಸೊಸೆ ರಂಜನಾ ಹಂಸಭಾವಿಯವಳು, ಧಾರವಾಡದಲ್ಲಿ ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವಳನ್ನು ಮನೆ ತುಂಬಿಸಿಕೊಂಡ ಮರುದಿನ ತವರಿನ ಟೆಂಪೋದಿಂದ ತಿಜೋರಿ ಇಳಿಯಿತು, ಮಂಚ ಇಳಿಯಿತು, ಹಿತ್ತಾಳೆ ಪಾತ್ರೆ ಇಳಿದವು, ಕೊನೆಗೆ ನಾಲ್ಕು ಜನ ಹಿಡಿದುಕೊಂಡು ಒಂದು ಗಾಜಿನ ತೊಟ್ಟಿಯನ್ನೂ ಇಳಿಸಿದರು. ತೊಟ್ಟಿಯೊಳಗೆ ಒಂದು ಗೇಣುದ್ದದ ಜೀವ. ಮೈಬಣ್ಣ ಹಸುಗೂಸಿನ ಅಂಗಾಲಿನಂತೆ ನಸುಗೆಂಪು, ನಾಲ್ಕು ಕಾಲು, ಚಪ್ಪಟೆ ಬಾಲ, ಕಿವಿಯ ಜಾಗದಲ್ಲಿ ಅತ್ತ ಮೂರು ಇತ್ತ ಮೂರು ಕೆಂಪು ಕುಚ್ಚು. ಬಾಯಿ ಮಾತ್ರ ಸದಾ ನಕ್ಕಂತೆ. ಬೀಗರ ಸಾಮಾನು ನೋಡಲು ಬಂದ ಓಣಿಯ ಹೆಂಗಸರು ತಿಜೋರಿಯನ್ನು ಬಿಟ್ಟು ಇದನ್ನು ಮುತ್ತಿಕೊಂಡರು. ಮೀನೆಂದರೆ ಕಾಲಿವೆ, ಹಲ್ಲಿಯೆಂದರೆ ನೀರಲ್ಲಿದೆ.

“ಆಕ್ಸೊಲಾಟಲ್ ಅಂತಾರ್ರಿ ಇದಕ್ಕ,” ಎಂದಳು ರಂಜನಾ. “ಧಾರವಾಡದಾಗ ನನ್ನ ಗೆಳತಿ ಕೊಟ್ಟಾಳ. ಉಗುರಿನಷ್ಟು ಇದ್ದಾಗಿಂದ ನಾನ ಸಾಕೇನಿ. ಹೆಸರು ಮುತ್ತು.”

ಸುಶೀಲವ್ವನ ನಾಲಗೆಗೆ ಮೊದಲನೆಯ ಹೆಸರು ಎಂದೂ ಹತ್ತಲಿಲ್ಲ, ಎರಡನೆಯದು ಹತ್ತಿತು. ಮುತ್ತುವಿಗೆ ಬಿಸಿ ತಡೆಯುವುದಿಲ್ಲವೆಂದು ತಿಳಿದಾಗ ಅವಳೇ ತಮ್ಮ ಅಕ್ಕಿ ಗಿರಣಿಯಿಂದ ಹಳೆಯ ಗೋಣಿಚೀಲ ತರಿಸಿ, ನೀರಲ್ಲಿ ಅದ್ದಿ, ತೊಟ್ಟಿಯ ಮೂರು ಮಗ್ಗುಲಿಗೆ ಹೊದಿಸಿದಳು. ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಗಡ್ಡೆಗಟ್ಟಿಸಿ ತೊಟ್ಟಿಯೊಳಗೆ ಬಿಡುವುದನ್ನೂ ಕಲಿತಳು. ಹೆಸರುಕಾಳಿನಂಥ ಗುಳಿಗೆ ತಿಂದುಕೊಂಡು ತನ್ನ ಪಾಡಿಗೆ ತಾನಿರುವ ಸಾಧುಪ್ರಾಣಿ ಎಂಬುದು ಅವಳ ತೀರ್ಮಾನ. ಆ ಗುಳಿಗೆಯನ್ನೂ ಮೀನಿನ ಪುಡಿಯಿಂದಲೇ ಮಾಡುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಂಜನಾ ಜಾಣೆ.

ಆದರೆ ಜಾಣೆಯೂ ಒಂದು ಭಾನುವಾರ ಸಿಕ್ಕಿಬಿದ್ದಳು. ಬಚ್ಚಲ ಹಿಂದಿನ ಬಕೀಟಿನಲ್ಲಿ ಅವಳು ಸಣ್ಣ ಸಣ್ಣ ಮೀನು ಸಾಕಿಕೊಂಡಿದ್ದಳು. ಅವುಗಳಲ್ಲೊಂದನ್ನು ಮುತ್ತುವಿನ ತೊಟ್ಟಿಗೆ ಬಿಡುವ ಹೊತ್ತಿಗೆ ಸರಿಯಾಗಿ ಸುಶೀಲವ್ವ ಪಡಸಾಲೆಗೆ ಬಂದಳು. ಮೀನು ಇತ್ತು. ಮುತ್ತು ಬಾಯಿ ತೆರೆದು ಮುಚ್ಚಿತು. ಮೀನು ಇರಲಿಲ್ಲ.

“ಶಿವ ಶಿವಾ! ಏನವಾ ಇದು?”

“ಗಪ್ಪಿ ಮೀನ್ರಿ ಅತ್ತಿ. ದಿನಾ ಅಲ್ರಿ, ತಿಂಗಳಿಗೊಂದ ಸಲ. ಅದಕ್ಕ ಹಬ್ಬ ಇದ್ದಂಗ.”

“ಹಬ್ಬ ಮಾಡು, ನಾ ಬ್ಯಾಡ ಅನ್ನಾಂಗಿಲ್ಲ. ಹೋಳಿಗಿ ಹಾಕು, ಕಡಬು ಹಾಕು. ಲಿಂಗ ಕಟ್ಟಿದ ಮನ್ಯಾಗ ಜೀವಾ ನುಂಗಸೂದು ಮಾತ್ರ ನಡಿಯಾಂಗಿಲ್ಲ, ನೋಡು.”

ರಂಜನಾ ಬಕೀಟಿನ ಮೀನನ್ನೆಲ್ಲ ಒಯ್ದು ಶಾಲೆಯ ತೊಟ್ಟಿಗೆ ಬಿಟ್ಟು ಬಂದಳು. ಮುತ್ತುವಿನ ಹಬ್ಬ ಅಲ್ಲಿಗೆ ಮುಗಿಯಿತು. ಸುಶೀಲವ್ವ ಗೆದ್ದೆನೆಂದುಕೊಂಡಳು.

ಅಷ್ಟೇ ಆಗಿದ್ದರೆ ಯಾರು ನೆನಪಿಡುತ್ತಿದ್ದರು! ಹೋದ ವರ್ಷ ಇದೇ ದಿನಗಳಲ್ಲಿ ರಂಜನಾ ಮೊದಲ ಸಲ ಬಸುರಿಯಾಗಿದ್ದಳು, ನಾಲ್ಕನೆಯ ತಿಂಗಳು. ಒಂದು ಸಂಜೆ ಶಾಲೆಯಿಂದ ಬಂದವಳು ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸುಶೀಲವ್ವ ರೊಟ್ಟಿ ಬಡಿಯುತ್ತಿದ್ದಳು.

“ಅತ್ತಿ, ಒಂದ್ ಮಾತ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನನಗ ಆಮ್ಲೆಟ್ ತಿನ್ಬೇಕನಸಾಕತ್ತೈತ್ರಿ. ಮನ್ಯಾಗ ಬ್ಯಾಡ. ಬಸ್‌ಸ್ಟ್ಯಾಂಡಿನ ಗಾಡಿ ಹಂತ್ಯಾಕ ಹೋಗಿ ತಿಂದ ಬರ್ಲೇನ್ರಿ?”

ಸುಶೀಲವ್ವ ತಿರುಗಿಯೂ ನೋಡಲಿಲ್ಲ. ಬಡಿಯುತ್ತಿದ್ದ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಳು.

“ಕೊರಳಾಗ ಲಿಂಗ ಐತಿ, ಹೊಟ್ಟ್ಯಾಗ ಕೂಸೈತಿ. ನಾಲಗಿ ಬಿಗಿ ಹಿಡಕೋ.”

ಅದಾದ ಹದಿನೈದು ದಿನಕ್ಕೆ ಬಸುರು ಇಳಿದುಹೋಯಿತು. ಇದಕ್ಕೆ ಯಾರೂ ಕಾರಣರಲ್ಲ, ಮೊದಲ ಬಸುರಿನಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಕೂಡಿಸಿಕೊಂಡು ಬಿಡಿಸಿ ಹೇಳಿದರು. ಅತ್ತೆ ತಲೆಯಾಡಿಸಿದಳು, ಸೊಸೆ ತಲೆಯಾಡಿಸಿದಳು. ಆದರೆ ಸುಶೀಲವ್ವ ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದೇ ಬೇರೆ. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದು, ಬಯಕೆ ಮುರಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ. ಕಿವಿ ಸೋರಲಿಕ್ಕೆ ಕೂಸಾದರೂ ಉಳಿಯಬೇಕಲ್ಲ! ನಾನೇ ಬಯಕೆ ಮುರಿದೆ, ನಾನೇ ಕೂಸು ಕಳೆದೆ ಎಂದು ಆಕೆಯ ಕರುಳು ಕೊರೆಯುತ್ತಲೇ ಇತ್ತು. ತಪ್ಪಾಯಿತು ಎಂಬ ಮಾತು ಎಷ್ಟೋ ಸಲ ಗಂಟಲಿಗೆ ಬಂದು ತಿರುಗಿ ಒಳಗೆ ಹೋಗಿತ್ತು. ಅತ್ತೆಯಾದವಳು ಸೊಸೆಗೆ ಆ ಮಾತು ಹೇಳುವುದು ಹೇಗೆ?

ಈಗ ರಂಜನಾ ಮತ್ತೆ ಬಸುರಿ, ಆರು ತಿಂಗಳು. ಈ ಸಲ ಸುಶೀಲವ್ವ ದಿನಕ್ಕೆ ನಾಲ್ಕು ಸಲ ಕೇಳಿದಳು.

“ಏನರ ತಿನ್ಬೇಕನಸ್ತೈತೇನವಾ?”

“ಏನೂ ಇಲ್ರಿ ಅತ್ತಿ.”

“ಹುಳಿ? ಸಿಹಿ? ಖಾರ? ಏನಿದ್ರೂ ಹೇಳವಾ, ನಾ ಏನೂ ಅನ್ನಾಂಗಿಲ್ಲ.”

“ನೀವ್ ಏನ್ ಮಾಡ್ತೀರಿ ಅದ ಸಾಕ್ರಿ.”

ಮುಖದಲ್ಲಿ ನಗು, ಮಾತಿನಲ್ಲಿ ಮರ್ಯಾದೆ, ತಟ್ಟೆಯಲ್ಲಿ ಹಾಕಿದ್ದನ್ನು ಬಿಡದೆ ಉಣ್ಣುತ್ತಿದ್ದಳು. ಬೈದಿದ್ದರೆ ಸುಶೀಲವ್ವ ತಡೆದುಕೊಳ್ಳುತ್ತಿದ್ದಳು. ಈ ‘ಏನೂ ಇಲ್ರಿ’ ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು. ಈ ಹುಡುಗಿ ಇನ್ನು ಈ ಜನ್ಮದಲ್ಲಿ ನನ್ನ ಹತ್ತಿರ ಏನನ್ನೂ ಕೇಳುವುದಿಲ್ಲ ಎಂದು ಅವಳಿಗೆ ಹೆದರಿಕೆಯಾಯಿತು. ಪರೀಕ್ಷೆ ಮುಗಿದು ಶಾಲೆಗೆ ರಜೆ ಬಿದ್ದದ್ದೇ ರಂಜನಾ ತವರಿಗೆ ಹೋದಳು. ಹೋಗುವಾಗ ಮುತ್ತುವನ್ನು ನೋಡಿಕೊಳ್ಳುವ ವಿಧಾನವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಹಾಳೆಯ ಕೊನೆಯಲ್ಲಿ ‘ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ’ ಎಂದಿತ್ತು. ಅದನ್ನು ಓದಿ ಸುಶೀಲವ್ವನ ಕಣ್ಣು ತುಂಬಿ ಬಂದವು.

ಮೂರನೆಯ ವಾರ ಮುತ್ತುವಿನ ಹೊಟ್ಟೆ ಉಬ್ಬತೊಡಗಿತು. ಮೊದಲು ಬದನೆಕಾಯಿಯಷ್ಟಿದ್ದದ್ದು ಬರಬರುತ್ತ ತಂಬಿಗೆಯಂತಾಯಿತು. ಗುಳಿಗೆ ಹಾಕಿದರೆ ಮುಖ ತಿರುಗಿಸುತ್ತಿತ್ತು. ಗಾಜಿಗೆ ಮೂಗು ಒತ್ತಿ, ರೆಪ್ಪೆಯಿಲ್ಲದ ಕಣ್ಣಿನಲ್ಲಿ ಸುಶೀಲವ್ವನನ್ನೇ ನೋಡುತ್ತಿತ್ತು. ಸುಶೀಲವ್ವ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ಓಣಿಯಲ್ಲಿ ಹದಿನೆಂಟು ಬಾಣಂತನ ಮಾಡಿದ ಕಣ್ಣು ಅವಳದು. ಆ ಕಣ್ಣಿಗೆ ಯಾರ ಸರ್ಟಿಫಿಕೇಟು ಬೇಕು?

“ಅಯ್ಯ ನಮ್ಮವ್ವ! ನೀನೂ ಬಸರ್ಯೇನ?”

ಅಲ್ಲಿಂದ ಮುಂದಿನದನ್ನು ಅವಳ ಮನಸ್ಸು ತಾನೇ ಹೆಣೆದುಕೊಂಡಿತು. ಬಸುರಿಗೆ ಗುಳಿಗೆ ಸೇರುತ್ತಿಲ್ಲ. ಬೇರೇನೋ ಬೇಕು, ಬಾಯಿಲ್ಲದ್ದಕ್ಕೆ ಕೇಳಲಿಕ್ಕೆ ಬಾರದು. ಏನು ಬೇಕೆಂದು ಸುಶೀಲವ್ವನಿಗೆ ಗೊತ್ತಿತ್ತು. ಆ ಹಬ್ಬವನ್ನು ನಿಲ್ಲಿಸಿದವಳೂ ತಾನೇ ಅಲ್ಲವೇ? ಒಬ್ಬ ಬಸುರಿಯ ಬಯಕೆ ಮುರಿದದ್ದಾಯಿತು, ಇನ್ನೊಂದನ್ನೂ ಮುರಿದರೆ ನಾನು ಹೆಣ್ಣೇ ಅಲ್ಲ ಎಂದುಕೊಂಡಳು. ರಂಜನಾ ಮಾಡುತ್ತಿದ್ದದ್ದನ್ನು ಅವಳ ಪ್ರಾಣಿಗೆ ಮಾಡಿದರೆ ರಂಜನಾಗೇ ಮಾಡಿದ ಹಾಗೆ ಎಂದೂ ಅನ್ನಿಸಿತು. ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಮತ್ತೆ ‘ಏನೂ ಬ್ಯಾಡ್ರಿ ಅತ್ತಿ’ ಎಂದುಬಿಟ್ಟರೆ?

ಹೀಗೆ ಆ ಬುಧವಾರ ಅವಳು ಹಾನಗಲ್ಲಿಗೆ ಹೋದದ್ದು. ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಮಜೀದನ ಬಣ್ಣದ ಮೀನಿನ ಅಂಗಡಿ ಇದೆ. ರಂಜನಾ ಗುಳಿಗೆ ಕೊಳ್ಳುವುದು ಅಲ್ಲಿಯೇ, ಒಂದೆರಡು ಸಲ ಸುಶೀಲವ್ವನೂ ಜೊತೆಗೆ ಬಂದು ಹೊರಗೆ ನಿಂತಿದ್ದುಂಟು. ಇವತ್ತು ಒಳಗೇ ಬಂದಳು. ಮಜೀದ ಗಡಬಡಿಸಿ ಎದ್ದು ತನ್ನ ಸ್ಟೂಲನ್ನೇ ಸರಿಸಿಕೊಟ್ಟ.

“ಬರ್ರಿ ಅಮ್ಮಾರ, ಕುಂತ್ರಿ. ಗುಳಿಗಿ ತೀರ್ಯಾವೇನ್ರಿ?”

ಸುಶೀಲವ್ವ ಹಿಂದೆ ಮುಂದೆ ನೋಡಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದಳು.

“ಮೀನ ಬೇಕಾಗಿತ್ತಪಾ. ಜೀವಂತವು.”

ಮಜೀದನ ಕಣ್ಣು ಅವಳ ವಿಭೂತಿಗೆ ಹೋಗಿ ಬಂದವು. “ಮುತ್ತುಗೇನ್ರಿ?”

“ಮತ್ತ ನನಗೇನೋ? ಬಸರಿ ಐತದು. ಬಾಯಿ ರುಚಿ ಕೆಟ್ಟೈತಿ.”

“ಬಸರಿ?” ಮಜೀದ ತಲೆ ಕೆರೆದುಕೊಂಡ. “ಗಂಡೋ ಹೆಣ್ಣೋ ಬರೋಬರಿ ನೋಡೀರೇನ್ರಿ ಅಮ್ಮಾರ? ಆ ಜಾತ್ಯಾಗ ಅಷ್ಟ ಲಗೂ ತಿಳ್ಯಾಂಗಿಲ್ರಿ.”

“ಹದಿನೆಂಟು ಬಾಣಂತನಾ ಮಾಡೇನಿ ತಮ್ಮಾ. ಹೊಟ್ಟಿ ನೋಡಿದ್ರ ನನಗ ತಿಳ್ಯಾಂಗಿಲ್ಲೇನು?”

ಅಂಗಡಿಯ ತೊಟ್ಟಿಗಳ ಕಡೆ ಕೈ ಮಾಡಿದಳು ಸುಶೀಲವ್ವ, ಆ ಬಂಗಾರದ ಬಣ್ಣದ್ದು ಚೆಂದ ಇದೆ ಎಂದಳು. ಮಜೀದ ಬೇಡವೇ ಬೇಡವೆಂದ. ಬಂಗಾರದ ಮೀನು ಅದರ ಮೈಗೆ ಒಳ್ಳೆಯದಲ್ಲ, ಹೊರಗಿನಿಂದ ತರಿಸಿದ ಮೀನಿಗೆ ಏನು ರೋಗವಿದೆಯೋ ತಿಂಗಳು ಬೇರೆ ಇಟ್ಟು ನೋಡದೆ ಹಾಕಬಾರದು, ಗದ್ದೆಯ ಮೀನಿನ ಹೊಟ್ಟೆಯಲ್ಲಿ ಬೆಳೆಗೆ ಹೊಡೆದ ಔಷಧಿಯ ವಿಷವಿರುತ್ತದೆ ಎಂದ. ಆಮೇಲೆ ಒಳಗೆ ಹೋಗಿ, ಮನೆಯಲ್ಲಿ ಹೆಂಡತಿ ಕೌಸರ್ ಡ್ರಮ್ಮಿನಲ್ಲಿ ಸಾಕಿದ ಗಪ್ಪಿಗಳಲ್ಲಿ ಆರನ್ನು ಹಿಡಿದು, ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ಕಟ್ಟಿ ಕೊಟ್ಟ.

“ಇವು ನಮ್ಮ ಮನ್ಯಾಗ ಹುಟ್ಟಿದ್ವು, ಖಾತ್ರಿ ಅದಾವ. ಒಂದ್ ಸಲಕ್ಕ ಒಂದು, ಭಾಳಾದ್ರ ಎರಡು. ನಿಮ್ಮ ಕೈಲೆ ಹಾಕ್ತೀರೇನ್ರಿ?”

“ನನ್ನ ಕೈಲೇನ.”

ಮಜೀದ ನಗಲಿಲ್ಲ. ಆ ಒಂದು ಉಪಕಾರಕ್ಕೆ ಸುಶೀಲವ್ವ ಅವನ ಮಕ್ಕಳಿಗೆಲ್ಲ ಒಳ್ಳೆಯದಾಗಲೆಂದು ಬಾಯಿತುಂಬ ಹರಸಿ ಹೊರಬಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟು ಸೆರಗು ಹೊದಿಸಿಕೊಂಡಳು. ಬಸ್ಸು ಇನ್ನೇನು ಬಿಡಬೇಕು, ಅಷ್ಟರಲ್ಲಿ ಹತ್ತಿದರು ಕರಿಬಸಪ್ಪನವರು. ಓಣಿಯ ಗುಡಿಯ ಕಮಿಟಿಗೆ ಹಿರಿಯರು, ಮೈತುಂಬ ಮೂರು ಬೆರಳ ವಿಭೂತಿ, ಊರಲ್ಲಿ ಯಾರ ಮನೆಯಲ್ಲಿ ಏನು ಬೆಂದರೂ ಇವರ ಮೂಗಿಗೆ ಮೊದಲು ಗೊತ್ತು. ಬಸ್ಸಿನಲ್ಲಿ ಇಪ್ಪತ್ತು ಸೀಟು ಖಾಲಿ ಇದ್ದವು. ಆದರೂ ಬಂದು ಅವಳ ಮುಂದಿನ ಸೀಟಿನಲ್ಲಿಯೇ ತಿರುಗಿ ಕೂತರು.

“ಏನ್ ಸುಶೀಲಕ್ಕಾ, ಬಿಸಿಲಾಗ ಎಲ್ಲಿ ಹೋಗಿದ್ರಿ? ಮಡಲಾಗ ಏನದು, ನೀರ ತಂದಂಗೈತಿ?”

ಸುಶೀಲವ್ವ ಸೆರಗನ್ನು ಚೀಲದ ಮೇಲೆ ಇನ್ನಷ್ಟು ಎಳೆದುಕೊಂಡಳು. ಹುಟ್ಟಿದಂದಿನಿಂದ ದೊಡ್ಡ ಸುಳ್ಳು ಹೇಳಿ ರೂಢಿಯಿಲ್ಲದವರ ಬಾಯಿಗೆ ಅಂಥ ಹೊತ್ತಿನಲ್ಲಿ ಬರಬಾರದ್ದೇ ಬರುತ್ತದೆ.

“ತೀರ್ಥರಿ,” ಎಂದುಬಿಟ್ಟಳು. “ಮಠದ್ದು.”

ಕರಿಬಸಪ್ಪನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಲಗೈಯನ್ನು ಬಟ್ಟಲಿನಂತೆ ಮಾಡಿ ಮುಂದೆ ಚಾಚಿದರು.

“ಒಂದ್ ಹನಿ ಹಾಕ್ರಿ ನನಗೂ.”

ಸೆರಗಿನ ಕೆಳಗೆ ಆರು ಮೀನು ಒಟ್ಟಿಗೆ ಬಾಲ ಬಡಿದವು. ಸುಶೀಲವ್ವ ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಹೇರದೆ, ಇದ್ದದ್ದನ್ನೇ ಅರ್ಧ ಹೇಳಿದಳು.

“ಹಂಚಾಂಗಿಲ್ರಿ ಇದನ್ನ. ಬಸರಿ ಸಂಬಂಧ ತಂದೇನಿ.”

“ಹೌದೇನು! ಹಂಗಾರ ಬ್ಯಾಡ ಬ್ಯಾಡ.” ಕರಿಬಸಪ್ಪನವರು ಕೈ ಹಿಂದಕ್ಕೆ ತೆಗೆದುಕೊಂಡರು. ದೊಡ್ಡ ಮನುಷ್ಯನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ಹೋದ ಸಲ ಭಾಳ ಸಂಕಟ ಆತು ನಿಮ್ಮ ಮನ್ಯಾಗ. ಈ ಸಲ ಶಿವ ಕಣ್ಣು ಬಿಡ್ತಾನ, ಚಿಂತಿ ಮಾಡಬ್ಯಾಡ್ರಿ.” ಹಾಗೆಂದು ಸೆರಗಿನ ಮೇಲಿಂದಲೇ ಚೀಲವನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಅಕ್ಕಿಆಲೂರು ಬರುವ ತನಕ ಸುಶೀಲವ್ವ ಕಿಟಕಿಯ ಹೊರಗೆ ನೋಡುತ್ತ ಕೂತಳು. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಅವಳಿಗೇ ಗೊತ್ತಾಗಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ, ಚನ್ನೇಶ ಗಿರಣಿಯಲ್ಲಿದ್ದ. ಸುಶೀಲವ್ವ ತೊಟ್ಟಿಯ ಮುಂದೆ ಕೂತು ಕೊರಳಿನ ಲಿಂಗದ ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿದಳು. “ಅರ್ಧ ತಾಸು ಈ ಕಡೆ ನೋಡಬ್ಯಾಡ ತಂದಿ,” ಎಂದಳು. ಚಹಾ ಸೋಸುವ ಹಳೆಯ ಜರಡಿಯಲ್ಲಿ ಒಂದು ಮೀನು ಹಿಡಿದಳು. ಉಗುರಿನಷ್ಟು ಜೀವ, ಬಾಲದಲ್ಲಿ ಒಂದು ಕಿತ್ತಳೆ ಚುಕ್ಕೆ. ಇದಕ್ಕೂ ಒಬ್ಬಳು ತಾಯಿ ಇದ್ದಾಳು ಎಂದು ಜರಡಿಯನ್ನು ಒಂದು ಗಳಿಗೆ ತೊಟ್ಟಿಯ ಮೇಲೆಯೇ ಹಿಡಿದಳು. ಆಮೇಲೆ ಕಣ್ಣು ಮುಚ್ಚದೆ ಜರಡಿಯನ್ನು ಮಗುಚಿದಳು. ಮಾಡುವುದನ್ನು ನೋಡಿಯೇ ಮಾಡಬೇಕು ಎಂಬುದು ಅವಳ ಪಂತ.

ಮುತ್ತು ಕಲ್ಲಿನಂತೆ ನಿಂತಿತ್ತು. ಮೀನು ಅದರ ಮೂಗಿನ ಮುಂದೆ ಬಂತು. ಗಪ್ಪೆಂದಿತು ಬಾಯಿ.

“ತಿನ್ನು ನಮ್ಮವ್ವ, ತಿನ್ನು,” ಎಂದಳು ಸುಶೀಲವ್ವ. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. “ನಿನಗರ ಇಲ್ಲ ಅನ್ನಲಿಲ್ಲ ನೋಡು ನಾನು.”

ಎರಡನೆಯದನ್ನೂ ಬಿಟ್ಟಳು. ಅದೂ ಹೋಯಿತು. ಉಳಿದ ನಾಲ್ಕನ್ನು ಒಂದು ಪಾತ್ರೆಯಲ್ಲಿ ಬಿಟ್ಟು, ತಲೆಗೆ ನೀರು ಹಾಕಿಕೊಂಡು ಬಂದು, ಆ ದಿನ ಒಂದು ಹೊತ್ತು ಉಪವಾಸ ಮಾಡಿದಳು.

ಮರುದಿನ ಮುಂಜಾನೆ ಮುತ್ತು ನೀರಿನ ಮೇಲೆ ತೇಲುತ್ತಿತ್ತು. ಹೊಟ್ಟೆ ಬಿರಿಯುವಂತೆ ಉಬ್ಬಿ ಒಂದು ಮಗ್ಗುಲಿಗೆ ವಾಲಿತ್ತು. ಕಾಲು ಬಡಿಯುತ್ತಿತ್ತು, ಕೆಳಗಿಳಿಯಲು ಆಗುತ್ತಿರಲಿಲ್ಲ. ಸುಶೀಲವ್ವ ಕಿರುಚಿದ್ದಕ್ಕೆ ಚನ್ನೇಶ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

“ಸಾಯಾಕತ್ತೈತೋ! ನಾನ ಕೊಂದೆ! ಮೀನ ಹಾಕಿ ಕೊಂದೆ!”

“ನೀ ಮೀನ ಹಾಕಿದಿ? ಯವ್ವಾ, ನೀನು?”

“ಮಾತ ಬ್ಯಾಡ, ಗಾಡಿ ತಗೀ. ಹಂಸಭಾವಿಗೆ ನಡಿ.”

“ಫೋನ್ ಮಾಡಿ ಕೇಳೂಣು ತಡಿ.”

“ಫೋನಿನ್ಯಾಗ ಹೇಳೂ ಮಾತಲ್ಲ ಇದು,” ಎಂದಳು ಸುಶೀಲವ್ವ. ಹೋದ ಸಲ ರಂಜನಾಳ ಕೂಸು, ಈ ಸಲ ಅವಳ ಪ್ರಾಣಿ, ಎರಡನ್ನೂ ನಾನೇ ಕಳೆದೆ, ಅದನ್ನು ಅವಳ ಮುಖ ನೋಡಿಯೇ ಹೇಳಬೇಕು ಎಂದು ಆಕೆ ನಿರ್ಧರಿಸಿಯಾಗಿತ್ತು.

ದೊಡ್ಡ ಸ್ಟೀಲಿನ ಡಬರಿಯಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಮುತ್ತುವನ್ನು ಎರಡೂ ಅಂಗೈಯಲ್ಲಿ ಎತ್ತಿ ಇಳಿಸಿ, ಐಸಿನ ಬಾಟಲಿ ಬಿಟ್ಟು, ಡಬರಿಯನ್ನು ಹಸಿ ಗೋಣಿಯಲ್ಲಿ ಸುತ್ತಿ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು. ರಸ್ತೆಯ ಒಂದೊಂದು ತಗ್ಗಿಗೂ ನೀರು ಚೆಲ್ಲಿ ಸೀರೆಯೆಲ್ಲ ತೊಯ್ದು ತೊಪ್ಪೆಯಾಯಿತು. ತಗ್ಗಿಗೊಮ್ಮೆ ಮಗನಿಗೆ ಬೈದಳು, ತಗ್ಗಿಗೊಮ್ಮೆ ಶಿವನಿಗೆ ಕೈಮುಗಿದಳು. ಹಂಸಭಾವಿಯ ಬೀಗರ ಮನೆಯ ಮುಂದೆ ಇಳಿದಾಗ ಬಾಗಿಲಿಗೆ ಬಂದ ಬೀಗತಿ ಶೀಲಾ ಅವಳ ಅವತಾರ ನೋಡಿ ಕಾಲಿಗೆ ನೀರು ಕೊಡುವುದನ್ನೇ ಮರೆತಳು. ಸುಶೀಲವ್ವ ಯಾರನ್ನೂ ಮಾತಾಡಿಸದೆ ಪಡಸಾಲೆಗೆ ನಡೆದು, ಮಂಚದ ಮೇಲೆ ಕೂತಿದ್ದ ರಂಜನಾಳ ಮುಂದೆ ಡಬರಿ ಇಳಿಸಿದಳು.

“ನೋಡವಾ. ಉಳಿತೈತೇನ ನೋಡು.”

ರಂಜನಾ ಬಗ್ಗಿ ನೋಡಿದಳು. ಒಂದು ಬೆರಳಿನಿಂದ ಮುತ್ತುವಿನ ಹೊಟ್ಟೆಯನ್ನು ಮೆಲ್ಲಗೆ ಸವರಿದಳು. “ದಿನಕ್ಕ ಎಷ್ಟ ಹಾಕಾಕತ್ತಿದ್ರಿ ಅತ್ತಿ? ದಿನಾ ಬಿಟ್ಟು ದಿನಾ ಅಂತ ಬರ್ದಿದ್ನೆಲ್ರಿ.”

“ದಿನಾ ಮುಂಜಾನೆ ಎರಡ್ ಚಮಚಾ ಹಾಕ್ತಿದ್ದೆ. ದಿನಾ ಬಿಟ್ಟು ಅಂದ್ರ ಅದು ಉಪಾಸ ಇದ್ದಂಗಲ್ಲೇನವಾ? ಪಾಪ ಅನಸ್ತು.”

ಬಾಗಿಲಲ್ಲಿದ್ದ ಚನ್ನೇಶ ಕೆಮ್ಮಿದ. “ನಾನೂ ಸಂಜಿಮುಂದ ಹಾಕ್ತಿದ್ದೆ. ಅವ್ವ ಮರ್ತಿರಬೇಕು ಅಂತ.”

ರಂಜನಾ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಈ ಹುಡುಗಿ ಹೀಗೆ ನಕ್ಕು ಒಂದು ವರ್ಷವಾಗಿತ್ತು.

“ಏನೂ ಆಗಿಲ್ರಿ ಅತ್ತಿ. ತಿಂದದ್ದು ಹೆಚ್ಚಾಗಿ ಗಾಳಿ ತುಂಬೇತಿ. ನಾಕು ದಿನ ಏನೂ ಹಾಕದ ತಂಪ ನೀರಾಗ ಇಟ್ರ ಆರಾಮ ಆಕ್ಕೈತಿ.”

“ಮತ್ತ ಬಸರಿ?”

“ಯಾರು?”

“ಮುತ್ತು!”

“ಅತ್ತೀ, ಅದು ಗಂಡ್ರಿ!”

ಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಚನ್ನೇಶ ಕಾರಿನಲ್ಲಿ ಏನೋ ಮರೆತವನಂತೆ ಹೊರಗೆ ಹೋದ. ಡಬರಿಯೊಳಗೆ ಮುತ್ತು ಒಂದು ದೊಡ್ಡ ಗುಳ್ಳೆ ಬಿಟ್ಟು ಒಂದಿಷ್ಟು ಕೆಳಗಿಳಿಯಿತು. ಸುಶೀಲವ್ವ ಮಾತ್ರ ನಗಲಿಲ್ಲ. ತೊಯ್ದ ಸೀರೆಯಲ್ಲಿ ನೆಲದ ಮೇಲೆ ಕೂತುಬಿಟ್ಟಳು.

“ಬಸರಿ ಅಂತ ತಿಳದ ಮೀನ ತಂದೆ. ಹಾನಗಲ್ಲಿಗೆ ಹೋಗಿ, ನನ್ನ ಕೈಲೇ ಹಾಕಿದೆ.”

ರಂಜನಾಳ ನಗು ನಿಂತಿತು. “ನೀವು? ಮೀನು?”

“ಅವತ್ತ ನೀ ಬಾಯಿಬಿಟ್ಟ ಕೇಳಿದಿ. ನಾ ತಿರುಗಿ ಸೈತ ನೋಡಲಿಲ್ಲ. ಒಂದ್ ತತ್ತಿಗೆ ಇಲ್ಲ ಅಂದು ನಿನ್ನ ಬಯಕಿ ಮುರದೆ, ಕೂಸಿಗೆ ಎರವಾದೆ.” ಒಂದು ವರ್ಷ ಗಂಟಲಲ್ಲಿ ನಿಂತಿದ್ದ ಮಾತು ಕಟ್ಟೆಯೊಡೆದು ಬಂತು. “ತಪ್ಪಾತು ನನ್ನವ್ವ. ಅದಕ್ಕ ಈ ಸಲ ನೀ ನನ್ನ ಏನೂ ಕೇಳವಲ್ಲಿ. ಕೇಳಬ್ಯಾಡ. ಕೇಳೂವಂಥಾಕಿ ನಾ ಅಲ್ಲ.”

ರಂಜನಾ ಮಂಚದಿಂದ ಇಳಿದು, ಬಸುರಿ ಹೊಟ್ಟೆಗೆ ಕೈಯಾನಿಸಿ, ಅತ್ತೆಯ ಪಕ್ಕ ನೆಲದ ಮೇಲೆ ಕೂತಳು.

“ಅತ್ತಿ, ಅವತ್ತ ನಾ ತಿಂದ ಬಂದಿದ್ನಿರಿ.”

“ಏನ್ ತಿಂದ ಬಂದಿದ್ದಿ?”

“ಆಮ್ಲೆಟ್. ನಿಮ್ಮನ್ನ ಕೇಳಿದ್ನೆಲ್ರಿ, ಅದಕ್ಕೂ ಮೊದಲ. ಸಾಲಿ ಬಿಟ್ಟಕೂಡಲೆ ಗಾಡಿ ಹಂತ್ಯಾಕ ಹೋಗಿ ಎರಡು ತಿಂದೆ. ತಿಂದ ಮ್ಯಾಲೆ ಜೀವಕ್ಕ ಸಮಾಧಾನ ಇರಲಿಲ್ಲ. ನೀವೊಂದ ಸಲ ಹೂಂ ಅಂದ್ರ, ತಿಂದದ್ದು ಹಗುರ ಆಕ್ಕೈತಿ ಅಂತ ಬಂದು ಕೇಳಿದೆ. ನೀವು ಕೊರಳಾಗ ಲಿಂಗ ಐತಿ ಅಂದ್ರಿ.” ಅವಳ ದನಿ ಸಣ್ಣದಾಯಿತು. “ಕೂಸು ಹೋದಾಗ, ಕದ್ದು ತಿಂದದ್ದಕ್ಕ ಹೋತು ಅಂತ ತಿಳಕೊಂಡೆ. ನಿಮ್ಮ ಮುಖಾ ನೋಡಾಕ ನಾಚಿಕಿ. ಈ ಸಲ ಏನೂ ಬಯಸಬಾರದು ಅಂತ ನನಗ ನಾನ ಆಣಿ ಹಾಕ್ಕೊಂಡೇನಿ.”

ಸುಶೀಲವ್ವ ಬಾಯಿ ತೆರೆದು ಸೊಸೆಯನ್ನೇ ನೋಡಿದಳು. ಹಾಗಾದರೆ ಬಯಕೆ ಮುರಿದಿರಲಿಲ್ಲ. ಒಂದು ವರ್ಷ, ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅಡುಗೆ ಉಂಡುಕೊಂಡು, ಇಬ್ಬರೂ ಆ ಒಂದು ಕೂಸನ್ನು ತಾವೇ ಕೊಂದೆವೆಂದು ಗೋಡೆಯ ಆಚೆ ಒಬ್ಬಳು ಈಚೆ ಒಬ್ಬಳು ಅತ್ತಿದ್ದರು.

“ಅಯ್ಯ ಹುಚ್ಚಿ!” ಎಂದಳು, ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು. “ಒಂದ್ ತತ್ತಿ ತಿಂದ್ರ ಕೂಸು ಹೋಗ್ತೈತೇನ? ಡಾಕ್ಟರಮ್ಮ ಹೇಳಲಿಲ್ಲೇನು?”

“ನೀವು ಬ್ಯಾಡ ಅಂದದ್ದಕ್ಕೂ ಹೋಗಾಂಗಿಲ್ರಿ. ಅದನ್ನೂ ಹೇಳಿದ್ರು.”

“ನಾ ಕೇಳಲಿಲ್ಲ ನೋಡು.”

“ನಾನೂ ಕೇಳಲಿಲ್ರಿ.”

ಇಬ್ಬರೂ ಅತ್ತರು. ಮನಸಾರೆ, ಮೂಗು ಒರೆಸಿಕೊಳ್ಳುತ್ತ, ಮಧ್ಯೆ ಒಮ್ಮೆ ಮುತ್ತು ಇನ್ನೊಂದು ಗುಳ್ಳೆ ಬಿಟ್ಟಾಗ ನಗುತ್ತ ಅತ್ತರು. ಅಳು ತೀರಿದ ಮೇಲೆ ಸುಶೀಲವ್ವ ಸೊಸೆಯ ಮುಖ ಒರೆಸಿ, ಕೂದಲು ಸರಿ ಮಾಡಿ, ಎದ್ದೇಳಲು ನೆಲಕ್ಕೆ ಕೈಯೂರಿದಳು. ರಂಜನಾ ಅವಳ ಸೆರಗು ಹಿಡಿದಳು.

“ಅತ್ತಿ, ಎರಡ್ ತಿಂಗಳಾತ್ರಿ. ಪುಂಡಿಪಲ್ಯಾ ಉಣಬೇಕು ಅನಸಾಕತ್ತೈತಿ. ಬೆಳ್ಳೊಳ್ಳಿ ಒಗ್ಗರಣಿ ಹಾಕಿದ್ದು. ನಮ್ಮವ್ವನ ಕೈಯಿಂದಲ್ಲ, ನಿಮ್ಮ ಕೈಯಿಂದು.”

ಸುಶೀಲವ್ವ ಒಂದು ಕ್ಷಣವೂ ತಡೆಯಲಿಲ್ಲ. ಹಸಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀದಾ ಬೀಗತಿಯ ಅಡುಗೆಮನೆಗೆ ನುಗ್ಗಿದಳು.

“ಶೀಲವ್ವಾರ, ಸರೀರಿ ಸ್ವಲ್ಪ, ಒಲಿ ಬಿಡ್ರಿ ನನಗ. ಏ ಚನ್ನೇಶಾ! ಎಲ್ಲಿ ಸತ್ಯೋ? ಓಡಿ ಹೋಗಿ ಪುಂಡಿಸೊಪ್ಪು ತಗೊಂಬಾ. ನನ್ನ ಸೊಸಿ ಕೇಳ್ಯಾಳ!”